ಬಡಿಯದ ಗಡಿಯಾರ

ಟಿಕ್ಕಣ್ಣ ಮಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಳದ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ. ಒಂದು ತಿಂಗಳ ಕೂಸು ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು, ಅದರಲ್ಲಿ ಏನೂ ಸಿಗದೆ, ಸೂರು ಹಾರಿಹೋಗುವಂತೆ ಅಳುತ್ತಿತ್ತು. "ಇನ್ನು ಹತ್ತೇ ನಿಮಿಷ ಕಣಮ್ಮ," ಎಂದು ಅವನು ಬೆನ್ನು ತಟ್ಟಿದ. ಪಡಸಾಲೆಯ ಗೋಡೆ ಗಡಿಯಾರ ಹನ್ನೆರಡು ಬಡಿಯಬೇಕಿತ್ತು. ಬಡಿದ ಮೇಲೆಯೇ ಹಾಲು.

ಅವನು ಗಡಿಯಾರ ರಿಪೇರಿಯವನು. ಅವನಪ್ಪನೂ ಅದೇ ಕೆಲಸದವರು. ಬೀದಿಯವರು ಅವನ ನಿಜವಾದ ಹೆಸರನ್ನು ಮರೆತು ಎಷ್ಟೋ ವರ್ಷಗಳಾಗಿದ್ದವು. ಗೋಡೆಯ ಮೇಲಿನದು ಅಪ್ಪನ ಕಾಲದ ಗಡಿಯಾರ. ಹೊತ್ತು ಮಾತ್ರ ಕರಾರುವಾಕ್ಕು, ಆದರೆ ಮೊನ್ನೆಮೊನ್ನೆಯವರೆಗೂ ಅದು ಬಡಿದದ್ದನ್ನು ಟಿಕ್ಕಣ್ಣ ಕೇಳಿರಲಿಲ್ಲ. ಗಡಿಯಾರದವರ ಮನೆಯ ಗಡಿಯಾರವೇ ಮೂಗ ಎಂದು ಶಾಲೆಯ ಗೆಳೆಯರು ಆಡಿಕೊಂಡು ನಗುತ್ತಿದ್ದರು. ಅವಮಾನದಿಂದ ಅವನ ಕಿವಿ ಕೆಂಪಾಗುತ್ತಿತ್ತು. ರಿಪೇರಿ ಮಾಡಪ್ಪ ಎಂದು ಗೋಗರೆದರೆ ಅಪ್ಪ ಕಣ್ಣಿನ ಮಸೂರ ತೆಗೆಯದೆಯೇ ನಕ್ಕು, ಅದು ಹಾಗೇ ಇರಲಿ ಬಿಡೋ ಎನ್ನುತ್ತಿದ್ದರು. ಅಪ್ಪನ ಕೋಟಿನ ಎಣ್ಣೆ ವಾಸನೆ ಈಗಲೂ ಒಮ್ಮೊಮ್ಮೆ ಅವನ ಮೂಗಿಗೆ ಬಂದಂತಾಗುತ್ತದೆ.

ಹೆಂಡತಿ ತುಂಬು ಬಸುರಿಯಾಗಿದ್ದಾಗ ಅವನು ಕೊನೆಗೂ ಅದನ್ನು ಬಿಚ್ಚಿದ್ದ. ಒಳಗೆ ಎಲ್ಲವೂ ನೆಟ್ಟಗಿತ್ತು, ಬಡಿಯುವ ಸುತ್ತಿಗೆಯೊಂದೇ ಇರಲಿಲ್ಲ. ಹಿತ್ತಾಳೆ ಕಡಿದು, ಉಜ್ಜಿ, ಹೊಸದೊಂದನ್ನು ಮಾಡಿ ಕೂರಿಸಿದ. ಮೊದಲ ಸಲ ಗಡಿಯಾರ ಬಡಿದಾಗ ಚಿಕ್ಕ ಮಗುವಿನಂತೆ ಹೆಂಡತಿಯ ಬಳಿಗೆ ಓಡಿದ್ದ. ಹೆರಿಗೆಯಾದ ಮೇಲೆ ಅದೇ ಮನೆಯ ಯಜಮಾನನಾಯಿತು. ಮೂರು ಗಂಟೆಗೊಮ್ಮೆ ಹಾಲು, ನಡುವೆ ಹನಿಯೂ ಇಲ್ಲ. ಪದೇ ಪದೇ ಕೀಲಿ ಕೊಟ್ಟರೆ ಸ್ಪ್ರಿಂಗ್ ಕೆಡುತ್ತದೆ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಯಂತ್ರ ಬಾಳುತ್ತದೆ ಎಂಬುದು ಅವನ ಲೆಕ್ಕ. ಪಾಪ, ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಹೆಂಡತಿಯ ಕಣ್ಣ ಕೆಳಗಿನ ಕಪ್ಪು ಅವನಿಗೂ ಕಾಣುತ್ತಿತ್ತು. ಮಗುವನ್ನು ತಾನು ಹೊರಗೆ ಎತ್ತಿಕೊಂಡಿದ್ದರೆ ಅವಳಿಗೆ ಅಷ್ಟಾದರೂ ನಿದ್ದೆಯಾದೀತು ಎಂದುಕೊಂಡಿದ್ದ.

ಅಂದು ಮಧ್ಯಾಹ್ನ ಗಂಡಹೆಂಡತಿ ಮಗುವನ್ನು ತೂಕ ಹಾಕಿಸಲು ಆಸ್ಪತ್ರೆಗೆ ಹೋದರು. ತೂಕದ ಮುಳ್ಳು ಹಿಂದಿನ ಸಲ ಎಲ್ಲಿತ್ತೋ ಅಲ್ಲೇ ನಿಂತಿತು. ನರ್ಸಮ್ಮ ಹಾಲು ಕೊಡುವ ಹೊತ್ತು ಕೇಳಿದರೆ ಟಿಕ್ಕಣ್ಣ ನಿಮಿಷ ಸಮೇತ ಒಪ್ಪಿಸಿದ. ಆಕೆ ಹುಬ್ಬೇರಿಸಿ, ಮಗು ಕೇಳಿದಾಗೆಲ್ಲ ಕೊಡಬೇಕು, ಕುಡಿದಷ್ಟೂ ಹಾಲು ಊರುತ್ತದೆ, ಕಾಯಿಸಿದರೆ ಕಡಿಮೆಯಾಗುತ್ತದೆ ಎಂದರು. ಒಂದು ವಾರ ನೋಡೋಣ, ಆಗಲೂ ತೂಕ ಏರದಿದ್ದರೆ ಮೇಲುಹಾಲಿನ ಯೋಚನೆ ಮಾಡಬೇಕಾಗುತ್ತದೆ ಎಂದೂ ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ಅವನಿಗೆ ತಡೆಯಲಾಗಲಿಲ್ಲ. "ಕೇಳಿದಾಗೆಲ್ಲ ಕೊಡ್ತಾ ಕೂತ್ರೆ ನೀನು ಊಟ ಮಾಡೋದು ಯಾವಾಗ, ಮಲಗೋದು ಯಾವಾಗ? ನಿನ್ನ ಒಳ್ಳೇದಕ್ಕೇ ತಾನೇ ನಾನು ಇಷ್ಟು ಒದ್ದಾಡಿದ್ದು?"

"ನೀವು ಅವಳನ್ನ ಹೊರಗೆ ಎತ್ಕೊಂಡು ಓಡಾಡ್ತಿದ್ರೆ ನಾನು ಒಳಗೆ ನಿದ್ದೆ ಮಾಡ್ತಿದ್ದೆ ಅಂದ್ಕೊಂಡ್ರಾ?" ಎಂದಳು ಅವಳು. ದನಿ ಏರಲಿಲ್ಲ. "ಅವಳು ಅತ್ತ ತಕ್ಷಣ ನನ್ನ ಎದೆ ತುಂಬಿ ರವಿಕೆ ನೆನೆಯುತ್ತೆ. ಆ ಒದ್ದೆ ಬಟ್ಟೇಲಿ ಕೂತು ನಿಮ್ಮ ಗಡಿಯಾರ ನೋಡ್ತಿದ್ದೆ. ಈಗೀಗ ನೆನೆಯೋದೂ ಕಡಿಮೆಯಾಗಿದೆ. ಅದೇ ನನಗೆ ಭಯ."

ಅಲ್ಲಿಯವರೆಗೆ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಅವನಮ್ಮ ಎದ್ದು ಕಪಾಟಿನಿಂದ ತುಕ್ಕು ಹಿಡಿದ ಒಂದು ಡಬ್ಬಿ ತಂದರು. ಅದರಲ್ಲಿ ಅಪ್ಪನ ಸಲಕರಣೆಗಳಿದ್ದವು. ತಳದಲ್ಲಿ, ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಿದ್ದ ಪುಟ್ಟ ಸುತ್ತಿಗೆ.

"ಇದು ಮುರಿದಿರಲಿಲ್ಲ ಕಣೋ. ನಿಮ್ಮಪ್ಪನೇ ಬಿಚ್ಚಿಟ್ಟಿದ್ರು," ಎಂದರು ಅಮ್ಮ. "ನೀನು ಹುಟ್ಟಿದಾಗ ನಮ್ಮತ್ತೆಯವರೂ ಗಂಟೆ ಲೆಕ್ಕ ಇಟ್ಟಿದ್ರು. ನೀನು ಅಳ್ತಿದ್ದೆ, ನಾನೂ ಅಳ್ತಿದ್ದೆ. ಒಂದಿನ ನಿಮ್ಮಪ್ಪ ಯಾರಿಗೂ ಏನೂ ಹೇಳ್ದೆ ಸುತ್ತಿಗೆ ತೆಗೆದ್ರು. ಅಂಗಡಿ ಮೇಜನ್ನ ಹೊತ್ತು ತಂದು ನನ್ನ ಮಂಚದ ಪಕ್ಕ ಹಾಕ್ಕೊಂಡ್ರು. ನೀನು ಅವನಿಗೆ ಉಣಿಸು, ನಾನು ನಿನಗೆ ಉಣಿಸ್ತೀನಿ ಅಂದ್ರು. ಎರಡು ತಿಂಗಳು ಹಾಗೇ ಮಾಡಿದ್ರು."

ನೀರಿನ ಚೊಂಬು ತನ್ನ ಕೈಗೆಟುಕದಿದ್ದ ದಿನವೇ ಇರಲಿಲ್ಲ, ಮಗು ಕುಡಿಯುತ್ತಿದ್ದಾಗ ತುತ್ತು ಮಾಡಿ ಬಾಯಿಗಿಡುತ್ತಿದ್ದರು, ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಒಗೆಯುವುದು ಎಲ್ಲ ಅವರದೇ ಎಂದು ಅಮ್ಮ ಹೇಳಿದರು. ಈಗಿನ ಕಾಲದವರಿಗೆ ತಾನೇನು ಹೇಳುವುದು ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೇ ತಪ್ಪಾಯಿತು ಎಂದು ಸೊಸೆಯ ಕೈ ಹಿಡಿದುಕೊಂಡರು.

ಟಿಕ್ಕಣ್ಣ ಆ ಸುತ್ತಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದ. ಬಾಲ್ಯವಿಡೀ ತನ್ನ ಮಾನ ಕಳೆದ ಗಡಿಯಾರ ಮೂಗನಾಗಿದ್ದದ್ದು ತನ್ನ ಹಸಿವಿಗಾಗಿ! ಅಪ್ಪ ಒಂದು ಮಾತೂ ಹೇಳಿರಲಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು. ಅಷ್ಟರಲ್ಲಿ ಮಗು ಮುಲುಗಿತು. ಆಗ ಮೂರಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅವನು ಮಗುವನ್ನೆತ್ತಿ ಹೆಂಡತಿಯ ಮಡಿಲಿಗಿಟ್ಟ, ಬೆನ್ನಿಗೆ ದಿಂಬು ಒತ್ತುಕೊಟ್ಟ. ಆಮೇಲೆ ಸ್ಟೂಲು ಹತ್ತಿ, ತಾನು ಮಾಡಿದ ಸುತ್ತಿಗೆಯನ್ನು ಬಿಚ್ಚಿ, ಅಪ್ಪನದರ ಜೊತೆಗೆ ಅದೇ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದ.

ಮರುದಿನದಿಂದ ಅಂಗಡಿ ಅರ್ಧ ದಿನ ಮಾತ್ರ ತೆರೆಯಿತು. ಉಳಿದರ್ಧ ದಿನ ಅವನ ಮೇಜು ಮಂಚದ ಪಕ್ಕದಲ್ಲಿ. ಅವನಿಟ್ಟ ಅನ್ನ ಎರಡು ಸಲ ತಳ ಹಿಡಿಯಿತು, ನಗುತ್ತಲೇ ಉಂಡರು. ಹಾಲು ಸಾಲುತ್ತಿಲ್ಲವೇನೋ ಎಂದು ರಾಗ ಎಳೆಯಲು ಬಂದ ಪಕ್ಕದ ಮನೆಯವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದ. ಕೂಸು ಮುಷ್ಟಿ ಬಾಯಿಗೊಯ್ದರೆ ಸಾಕು, ಅಳುವ ಮುಂಚೆಯೇ ತಾಯಿಯ ಕೈಗೆ ಕೊಡುತ್ತಿದ್ದ. ಅವಳ ರವಿಕೆ ಮತ್ತೆ ನೆನೆಯತೊಡಗಿತು.

ವಾರ ಕಳೆದು ಆಸ್ಪತ್ರೆಯಲ್ಲಿ ಮಗುವನ್ನು ತೂಕಕ್ಕಿಟ್ಟರು. ಮುಳ್ಳು ಹಳೆಯ ಗೆರೆಯನ್ನು ದಾಟಿ ಮುಂದೆ ಹೋಯಿತು. ಹೆಂಡತಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನರ್ಸಮ್ಮ ಪೆನ್ನು ತೆಗೆದು, ಈಗ ಎಷ್ಟು ಹೊತ್ತಿಗೊಮ್ಮೆ ಕೊಡುತ್ತೀರಿ ಎಂದು ಕೇಳಿದರು.

ಗಡಿಯಾರ ರಿಪೇರಿಯವನು ಮಗಳ ಮುಖ ನೋಡುತ್ತಾ ತಲೆ ಕೆರೆದುಕೊಂಡ. "ಗೊತ್ತಿಲ್ಲಮ್ಮ," ಎಂದ. "ನಾವು ಗಡಿಯಾರ ನೋಡಲ್ಲ."