ಕೆಂಪು ಸುತ್ತು

ಚಿತಾಗಾರದ ಕಿಟಕಿಯ ಮುಂದೆ ಫಾರಂ ತುಂಬುತ್ತಿದ್ದ ಗುಮಾಸ್ತನ ಪೆನ್ನು ಹುಟ್ಟಿದ ತಾರೀಖಿನ ಹತ್ತಿರ ಬಂದು ನಿಂತಿತು. ಹಿಂದೆ ತಳ್ಳುಗಾಡಿಯ ಮೇಲೆ ಖಜಾನೆಯ ಸಾಹೇಬರು ಮಲಗಿದ್ದರು. ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ದುಡಿದವನಿಗೆ, ಅವರ ಎದುರು ಫಾರಂ ತುಂಬಲು ಇವತ್ತೂ ಭಯ.

"ಅಮ್ಮನಿಗೆ ಪಿಂಚಣಿ ಬರುತ್ತಲ್ವಾ ಮಾಮ?" ಸಾಹೇಬರ ಮಗಳು ಮೆಲ್ಲಗೆ ಕೇಳಿದಳು. "ಮನೆ ಬಾಡಿಗೆಗೂ ಅದೇ ಗತಿ."

"ಫೈಲು ಮೇಲೆ ಹೋಗಿದೆಯಲ್ಲಮ್ಮ."

"ಒಂಬತ್ತು ವರ್ಷದಿಂದ ಮೇಲೇ ಇದೆ. ಈಗ ಅಪ್ಪನೂ ಹೋದ್ರು."

*

ನಿವೃತ್ತಿಗೆ ಒಂದು ತಿಂಗಳಿರುವಾಗ ಸಾಹೇಬರು ತಮ್ಮ ಸೇವಾ ಪುಸ್ತಕ ತರಿಸಿಕೊಂಡು, ಶಾಲೆಯ ಸರ್ಟಿಫಿಕೇಟಿನ ಪಕ್ಕಕ್ಕಿಟ್ಟು ನೋಡಿದ್ದರು. ಪುಸ್ತಕದಲ್ಲಿ ಅವರು ಒಂದು ವರ್ಷ ಚಿಕ್ಕವರು. ಕೆಲಸಕ್ಕೆ ಸೇರುವಾಗ ಯಾರೋ ತಪ್ಪಾಗಿ ಬರೆದುಕೊಂಡದ್ದು. ಬೇರೆಯವರ ಬಿಲ್ಲಿಗೆ ಹಾಕುವಂತೆಯೇ ಅದಕ್ಕೂ ಕೆಂಪು ಸುತ್ತು ಹಾಕಿದರು.

"ಬಿಟ್ಬಿಡಿ ಸಾರ್, ಯಾರೂ ನೋಡಲ್ಲ," ಎಂದಿದ್ದ ಗುಮಾಸ್ತ.

"ನಾನು ನೋಡಿದೆನಲ್ಲಯ್ಯಾ."

ಹೋದ ವರ್ಷವೇ ನಿವೃತ್ತನಾಗಬೇಕಿತ್ತು, ಒಂದು ವರ್ಷದ ಸಂಬಳ ಹೆಚ್ಚಾಗಿ ಪಡೆದಂತಾಗಿದೆ, ಸೂಕ್ತ ಆದೇಶ ನೀಡಬೇಕು ಎಂದು ತಮ್ಮ ಮೇಲೆ ತಾವೇ ಆಕ್ಷೇಪಣೆ ಬರೆದರು. ಆ ಹಾಳೆಯನ್ನು ಹರಿದು ಬಿಸಾಡಬೇಕೆಂದು ಗುಮಾಸ್ತನಿಗೆ ಅನ್ನಿಸಿತ್ತು, ಧೈರ್ಯ ಸಾಲಲಿಲ್ಲ. ತಾನೇ ಲಕೋಟೆಗೆ ಅಂಟು ಹಚ್ಚಿ ಕಳಿಸಿದ. ಖಜಾನೆಯ ಸಾಹೇಬರೇ ತಪ್ಪು ಎಂದದ್ದನ್ನು ಸರಿ ಎನ್ನಲು ಮೇಲೆ ಯಾರಿಗೂ ಎದೆಗಾರಿಕೆ ಇರಲಿಲ್ಲ. ಅಂತಿಮ ಆದೇಶ ಬರುವ ತನಕವೆಂದು ಕೊಟ್ಟ ತಾತ್ಕಾಲಿಕ ಪಿಂಚಣಿ, ಸಾಹೇಬರ ಉಸಿರಿರುವ ತನಕ ಮಾತ್ರ. ಆದೇಶವಿಲ್ಲದೆ ಹೆಂಡತಿಗೆ ಬಿಡಿಗಾಸಿಲ್ಲ.

*

ಈ ಫಾರಂ ನೋಡಿ ಕೊಡುವ ಮರಣ ಪ್ರಮಾಣಪತ್ರದಲ್ಲಾದರೂ ಸೇವಾ ಪುಸ್ತಕದ ವರ್ಷವೇ ಬಂದರೆ, ಅದನ್ನಿಟ್ಟುಕೊಂಡು ಯಾರ ಕೈಕಾಲಾದರೂ ಹಿಡಿಯಬಹುದಿತ್ತು. ಗುಮಾಸ್ತನಿಗೆ ಸಾಹೇಬರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಗಟ್ಟಿ ಮನಸ್ಸು ಮಾಡಿ ತಪ್ಪು ವರ್ಷವನ್ನೇ ಬರೆದ. ಒಂಬತ್ತು ವರ್ಷ ತಡವಾಗಿ ಬಂದ ಧೈರ್ಯ.

ಕಿಟಕಿಯೊಳಗಿನವನು ಫಾರಮನ್ನೂ ಗುರುತಿನ ಚೀಟಿಯನ್ನೂ ಅಕ್ಕಪಕ್ಕ ಇಟ್ಟ. ಆ ಚೀಟಿಯನ್ನು ಸಾಹೇಬರು, ತಪ್ಪು ಗೊತ್ತಾದ ತಿಂಗಳೇ ಅಲೆದಾಡಿ ತಿದ್ದಿಸಿಕೊಂಡಿದ್ದರು.

"ತಾಳೆ ಆಗ್ತಿಲ್ಲ ಯಜಮಾನ್ರೆ. ಹೊಸ ಫಾರಂ ತುಂಬಿ, ಸಾಲಲ್ಲಿ ಬನ್ನಿ. ಗಾಡಿ ಸ್ವಲ್ಪ ಪಕ್ಕಕ್ಕೆ ಹಾಕ್ಕೊಳ್ಳಿ."

ಫಾರಂ ವಾಪಸು ಬಂತು. ವರ್ಷಕ್ಕೆ ಕೆಂಪು ಸುತ್ತು ಬಿದ್ದಿತ್ತು.

ಬೆಂಚಿನ ಮೇಲಿದ್ದ ಸಾಹೇಬರ ಹೆಂಡತಿ ಕಾಗದದತ್ತ ನೋಡಲೂ ಇಲ್ಲ. "ಅವರ ಹತ್ತಿರ ಬಂದೋರೂ ಹೀಗೇ ವಾಪಸು ಹೋಗೋರು," ಎಂದರು.

ಮಗಳು ಗಾಡಿಯನ್ನು ಗೋಡೆಯ ಬದಿಗೆ ತಳ್ಳಿದಳು. ಹಿಂದಿದ್ದ ಹೆಣದವರು ಮುಂದೆ ಬಂದರು.