ಕೇಳಿಸಿದಾಗ ಕೈ ಎತ್ತಿ

"ಕೇಳಿಸಿದಾಗ ಮಾತ್ರ ಕೈ ಎತ್ತಿ ಯಜಮಾನ್ರೇ."

ಗಾಜಿನಾಚೆ ಕೂತಿದ್ದ ಮುದುಕ ಮತ್ತೆ ಕೈ ಎತ್ತಿದ. ಈಚೆ ಕೂತು ಕಿವಿ ಪರೀಕ್ಷೆ ಮಾಡುತ್ತಿದ್ದವನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ.

"ಈಗ ಏನು ಕೇಳಿಸ್ತು?"

"ಏನಿಲ್ಲ. ನಿಮಗೆ ಬೇಜಾರಾಗಬಾರದು ಅಂತ ಎತ್ತಿದೆ."

ಮುದುಕನ ದನಿ ಕ್ಷೀಣ. ಒಳಗಿನವರ ಮಾತನ್ನು ಹೊರಗಿನ ಸ್ಪೀಕರಿಗೆ ತರುವ ತಿರುಪನ್ನು ಪರೀಕ್ಷೆ ಮಾಡುವವನು ಪೂರ್ತಿ ತಿರುಗಿಸಿದ.

ಹನ್ನೊಂದು ವರ್ಷಗಳಿಂದ ಇದೇ ಕೆಲಸ. ಹೊರಗಿನ ಸದ್ದು ನುಗ್ಗದ ಗೂಡಿನಲ್ಲಿ ಜನರನ್ನು ಕೂರಿಸುವುದು, ಅವರ ಕಿವಿಗೆ ಸಣ್ಣ ಸಣ್ಣ ಸದ್ದು ಕಳಿಸುವುದು, ಕೈ ಎದ್ದ ಕಡೆ ಕಾಗದದ ಮೇಲೊಂದು ಗುರುತು. ಸುಳ್ಳು ಹೇಳುವವರು ಅವನಿಗೆ ಕಣ್ಣಿನಲ್ಲೇ ಸಿಕ್ಕಿಬೀಳುತ್ತಿದ್ದರು.

ಮುದುಕ ಹೋದ. ಊಟದ ಹೊತ್ತು. ಅವನು ಮುಂಬಾಗಿಲು ಮುಚ್ಚಿ, ದಿನದಂತೆ ಗೂಡಿಗೆ ಹೊಕ್ಕು, ಗಾಜಿಗೆ ಬೆನ್ನು ಹಾಕಿ ಕೂತ. ತನ್ನ ಫೋನು, ತನ್ನ ಇಯರ್‌ಫೋನು.

ಆಲ್ಬಮ್ಮಿನ ಮುಖಪುಟದಲ್ಲಿ ನೇರಳೆ ಸಮುದ್ರ, ಎರಡು ಚಂದ್ರ, ನಗುವ ಡಾಲ್ಫಿನ್. ಹಾಡುಗಳ ತುಂಬ ಕೀಬೋರ್ಡು, ಯಂತ್ರದ ತಾಳ, ಸಕ್ಕರೆ ಪಾಕ. ಮುಂದೆ ಯಾವ ಸ್ವರ ಬರುತ್ತದೆಂದು ಕೂಸಿಗೂ ಗೊತ್ತಾಗುತ್ತಿತ್ತು. ಅದೇ ಬರುತ್ತಿತ್ತು. ಬಂದಾಗ ಅವನ ಮೈಯೆಲ್ಲ ಜುಮ್ಮೆನ್ನುತ್ತಿತ್ತು. "ಇಂಥದ್ದು ಕೇಳೋರು ನನ್ನ ಹತ್ರ ಬರಲಿ, ಪುಕ್ಕಟೆ ಕಿವಿ ತೊಳೀತೀನಿ" ಎಂದು ಹೆಂಡತಿಯ ಗೆಳತಿಯರನ್ನು ನಗಿಸಿದವನೂ ಅವನೇ.

ಹೆಂಡತಿ ಹಾಡುವವಳು. ನಿಜವಾದ, ಕಷ್ಟದ ಸಂಗೀತ. ಇವತ್ತು ಸಂಜೆ ದೊಡ್ಡ ಸಭಾಂಗಣದಲ್ಲಿ ಮೊದಲ ಬಾರಿ ಒಬ್ಬಳೇ ಹಾಡಲಿದ್ದಳು. "ಮೊದಲ ಸಾಲಲ್ಲೇ ಕೂತ್ಕೊಳ್ಳಿ. ನಿಮ್ಮ ಮುಖ ನೋಡ್ತಿದ್ರೆ ನನಗೆ ಹಾಡು ಬರುತ್ತೆ" ಎಂದಿದ್ದಳು ಬೆಳಿಗ್ಗೆ. ಒಂಬತ್ತು ವರ್ಷಗಳಿಂದ ಅವನು ಕಣ್ಣು ಮುಚ್ಚಿ, ಮೆಲ್ಲಗೆ ತಲೆದೂಗಿ, ಸರಿಯಾದ ಜಾಗದಲ್ಲಿ "ಆಹಾ" ಎಂದಿದ್ದಾನೆ. ಮುಚ್ಚಿದ ಕಣ್ಣೊಳಗೆ ಹೊತ್ತು ಎಣಿಸಿದ್ದಾನೆ.

ನಾಲ್ಕನೆಯ ಹಾಡು. ಅದು ಬಂದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. "ಡಿಂ ಡಿಡಿಂ ಡಿಂ" ಎಂದು ಬಾಯಲ್ಲೇ ತಾಳ ಹಾಕಿದ. ತೊಡೆ ಬಡಿದ. ಒಡಕು ದನಿಯಲ್ಲಿ ಕೂಗಿ ಹಾಡಿದ, ಕೊನೆಗೊಂದು ಕೇಕೆಯನ್ನೂ ಹಾಕಿದ. ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಳ್ಳುತ್ತ ತಿರುಗಿದ.

ಗಾಜಿನಾಚೆ ಹೆಂಡತಿ ನಿಂತಿದ್ದಳು. ಕೈಯಲ್ಲಿ ಇಸ್ತ್ರಿ ಮಾಡಿದ ಅಂಗಿ.

ಅವಳು ನೋಡುತ್ತಿದ್ದುದು ಅವನನ್ನಲ್ಲ, ಮೇಜಿನ ಮೇಲಿನ ಸ್ಪೀಕರನ್ನು. ದಿನವೂ ಒಳಗೆ ಬರುವ ಮುಂಚೆ ತಿರುಪನ್ನು ಹಿಂದಕ್ಕೆ ತಿರುಗಿಸುತ್ತಿದ್ದ. ಇವತ್ತು ಮರೆತಿದ್ದ.

ಹೊರಗೆ ಬಂದ.

"ಯಾವಾಗ ಬಂದೆ?"

"ಸಂಜೆಗೆ ಅಂಗಿ ಬಿಟ್ಟು ಬಂದಿದ್ರಿ."

"ಯಂತ್ರ ಸರಿಯಾಗಿದೆಯಾ ಅಂತ ನೋಡ್ತಿದ್ದೆ."

"ಸರಿಯಾಗಿದೆ. ಎಲ್ಲ ಚೆನ್ನಾಗಿ ಕೇಳಿಸ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಗಂಡನೆಂದುಕೊಂಡು ಭುಜ ಮುಟ್ಟಿ, ತಿರುಗಿದವನು ಬೇರೆ ಯಾರೋ ಆಗಿದ್ದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದಳು.

"ರೀ, ಅದು ನಿಮ್ಮ ದನಿನೇನಾ?"

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದ.

"ನಾನು ಹಾಡೋವಾಗ ಒಂದ್ ಸಲ ಆದ್ರೂ ನಿಮಗೆ ಹೀಗೆ..."

"ನಿನ್ನ ಹಾಡಿನ ಮಟ್ಟವೇ ಬೇರೆ ಕಣೇ. ಇದು ಬರೀ ಕಸ."

"ಮಟ್ಟದ ಮಾತು ಕೇಳಲಿಲ್ಲ ನಾನು."

ಅವಳು ಅಂಗಿಯನ್ನು ಕುರ್ಚಿಯ ಬೆನ್ನಿಗೆ ತೊಡಿಸಿ, ಸುಕ್ಕು ಸವರಿದಳು. ಆಮೇಲೆ ಗೂಡಿನೊಳಗೆ ಹೋಗಿ, ಅವನ ಕಡೆ ಮುಖ ಮಾಡಿ ಕೂತು, ಪರೀಕ್ಷೆಯ ಹೆಡ್‌ಫೋನ್ ಹಾಕಿಕೊಂಡಳು.

"ನನ್ನ ಕಿವಿ ನೋಡಿ," ಎಂದಿತು ಸ್ಪೀಕರು. "ಒಂಬತ್ತು ವರ್ಷದಿಂದ ನನಗೇ ಏನೋ ಕೇಳಿಸ್ತಿಲ್ಲ."

"ಹುಚ್ಚೇನೇ ನಿನಗೆ? ಸಂಜೆ ಹಾಡಬೇಕು, ಮನೆಗೆ ಹೋಗು."

ಅವಳು ಏಳಲಿಲ್ಲ.

ಅವನು ಗುಂಡಿ ಒತ್ತಿದ. ಅವಳ ರೆಪ್ಪೆ ಅಲುಗಿತು. ಕೈ ಏಳಲಿಲ್ಲ. ಸದ್ದು ಹೆಚ್ಚಿಸಿದ. ಮತ್ತೆ ರೆಪ್ಪೆ. ಕೈಗಳೆರಡೂ ಮಡಿಲಲ್ಲೇ ಇದ್ದವು. ಇನ್ನೂ ಹೆಚ್ಚಿಸಿದ. ಕಾಗದದ ಮೇಲೆ ಒಂದು ಗುರುತೂ ಬೀಳಲಿಲ್ಲ. ಇನ್ನು ಮುಂದೆ ಹೋದರೆ ಕಿವಿ ನೋಯುತ್ತದೆ. ನಿಲ್ಲಿಸಿಬಿಟ್ಟ.

ಆಗ ಅವಳು ಕಣ್ಣು ಮುಚ್ಚಿದಳು. ಮೆಲ್ಲಗೆ ತಲೆದೂಗತೊಡಗಿದಳು.

"ಆಹಾ," ಎಂದಿತು ಸ್ಪೀಕರು.

ಅವನು ಗುಂಡಿಯಿಂದ ಕೈ ತೆಗೆದು ಎಷ್ಟೋ ಹೊತ್ತಾಗಿತ್ತು.