ನೂರು ಗೋಡೆಗಳ ಸರಾಸರಿ

ಆ ನೂರು ನಕ್ಷೆಗಳನ್ನು ನಾನು ಕಚೇರಿಯಲ್ಲಿ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದಂತೆ ಸಾಲಾಗಿ ನೇತುಹಾಕಿದ್ದೆ. ಒಂದೊಂದರಲ್ಲೂ ನಮ್ಮ ಊರೇ ಇತ್ತು. ಊರಿನ ಕೆಳಗೆ ಅಡ್ಡಲಾಗಿ ಮಲಗಿದ್ದ ಕರಿಕಲ್ಲಿನ ಗೋಡೆಯೂ ಇತ್ತು. ಗೋಡೆಯ ಬಿರುಕು ಮಾತ್ರ ಒಂದೊಂದರಲ್ಲಿ ಒಂದೊಂದು ಕಡೆ.

ಆ ಗೋಡೆ ಯಾರೂ ಕಟ್ಟಿದ್ದಲ್ಲ, ನೆಲದಡಿಯ ಹುಟ್ಟುಬಂಡೆ; ಅದನ್ನು ಯಾರೂ ಕಂಡಿರಲಿಲ್ಲ. ಏಳು ಕಡೆ ಕೊರೆಸಿ ನೋಡಿದಾಗ ಐದು ಕಡೆ ಕಲ್ಲು ಸಿಕ್ಕಿತ್ತು, ಎರಡು ಕಡೆ ಬರೀ ಮಣ್ಣು. ಗೋಡೆಯ ಪೂರ್ವಕ್ಕೆ ಬಣ್ಣದ ಕಾರ್ಖಾನೆಯ ಹೊಲಸು ನೀರಿಗೊಂದು ಹೊಂಡ ತೋಡಿಸಲು ಪುರಸಭೆ ಹೊರಟಿತ್ತು. ಪಶ್ಚಿಮಕ್ಕೆ ಇಪ್ಪತ್ತು ಮನೆಬಾವಿಗಳು. ನೆಲದೊಳಗಿನ ನೀರಿನ ಹರಿವೂ ಅತ್ತ ಕಡೆಗೇ. ಗೋಡೆ ಅದನ್ನು ತಡೆಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಗೋಡೆ ಹೇಗೆಲ್ಲ ಇರಬಹುದೋ ಊಹಿಸಿ ನೂರು ನಕ್ಷೆ ಮಾಡಿದೆ. ಅರವತ್ತರಲ್ಲಿ ಬಾವಿಗಳೆಲ್ಲ ಕ್ಷೇಮ. ಉಳಿದ ನಲವತ್ತರಲ್ಲಿ ಯಾವುದಾದರೂ ಒಂದು ಬಾವಿ ಪೂರ್ತಿ ಕೆಡುತ್ತಿತ್ತು. ಬಿರುಕು ಯಾವ ಬಾವಿಯ ಎದುರಿಗೆ ಇದೆಯೋ ಅದು.

ಇಷ್ಟನ್ನು ಪುರಸಭೆಯ ಅಧ್ಯಕ್ಷ ಮಲಕಾಜಪ್ಪನವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿಯಿತು.

“ನೂರು ಗ್ವಾಡಿ ಯಾಕ್ರೀ? ನೆಲದಾಗ ಇರೂದು ಒಂದ. ಅದನ್ನಷ್ಟ ತೋರಸ್ರಿ.”

“ಅದು ಯಾವ್ದಂತ ಗೊತ್ತಿಲ್ರೀ ಸಾಹೇಬ್ರ.”

“ಗೊತ್ತಿಲ್ಲ ಅನ್ನೂದನ್ನ ನಮ್ಮ ಜವಾನನೂ ಹೇಳ್ತಾನ.”

ಮೂರು ಸಭೆಗಳು ಹೀಗೇ ಕಳೆದವು. ಒಮ್ಮೆಯಂತೂ ಅವರು ಸೀರೆ ಅಂಗಡಿಗೆ ಬಂದವರ ಹಾಗೆ ಹಗ್ಗದುದ್ದಕ್ಕೂ ಅಡ್ಡಾಡಿ, ಒಂದು ನಕ್ಷೆಯ ಅಂಚು ಹಿಡಿದು, “ಇದು ಚಲೋ ಐತಿ, ಇದ ಇರಲಿ” ಎಂದರು. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ನಾಲ್ಕನೆಯ ಸಭೆಯಲ್ಲಿ ಅವರೇ ದಾರಿ ತೋರಿಸಿದರು: “ಎಲ್ಲಾ ಕೂಡ್ಸಿ ಸರಾಸರಿ ತಗದ್ ಬಿಡ್ರಿ.”

ಅದು ತಪ್ಪೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನೂರು ಗೋಡೆಗಳನ್ನು ಬೆರೆಸಿದರೆ ಬಿರುಕೇ ಇಲ್ಲದ, ಎಲ್ಲ ಕಡೆಯೂ ಒಂದಿಷ್ಟೊಂದಿಷ್ಟು ಜಿನುಗುವ ಗೋಡೆ ಹುಟ್ಟುತ್ತದೆ. ಅಂಥದ್ದು ನನ್ನ ನೂರರಲ್ಲಿ ಒಂದರಲ್ಲೂ ಇರಲಿಲ್ಲ. ಆದರೆ ನನಗೆ ಸಾಕುಸಾಕಾಗಿತ್ತು. ಹಾಳಾಗಿ ಹೋಗಲಿ ಎಂದು ತೆಗೆದುಕೊಟ್ಟೆ. ಹೊಲಸು ಇಪ್ಪತ್ತು ಬಾವಿಗೂ ಹಂಚಿಹೋಗಿ ಎಲ್ಲಿಯೂ ಕುಡಿಯುವ ನೀರಿನ ಮಿತಿ ಮೀರುವುದಿಲ್ಲ ಎಂದು ಬಂತು. ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು. ಕೆಳಗೆ ನನ್ನ ಸಹಿ ಬಿತ್ತು.

ನಾನು ದಿನವೂ ಉಣ್ಣುತ್ತಿದ್ದದ್ದು ನೀಲವ್ವನ ಖಾನಾವಳಿಯಲ್ಲಿ. ಅವಳ ಹಿತ್ತಲ ಬಾವಿಯ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. ಜನ ಹುಡುಕಿಕೊಂಡು ಬರುತ್ತಿದ್ದದ್ದೇ ಆ ಸಾರಿಗೆ. ಅಂದು ಮಧ್ಯಾಹ್ನ ಬಡಿಸುತ್ತಾ ಕೇಳಿದಳು:

“ಹೊಂಡ ತೋಡ್ತಾರಂತ. ನನ್ನ ಬಾವಿಗೆ ಏನೂ ಆಗಂಗಿಲ್ಲಲ್ರೀ?”

“ಏನೂ ಆಗೂದಿಲ್ಲ ನೀಲಕ್ಕಾ, ನಾನ ಲೆಕ್ಕ ಹಾಕೇನಿ,” ಎಂದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಎರಡು ವರ್ಷದ ಮೇಲೆ ಅವಳ ಬಾವಿಯ ನೀರು ಕೆಂಪಗಾಯಿತು. ಅಕ್ಕಪಕ್ಕದ ಬಾವಿಗಳೆಲ್ಲ ತಿಳಿಯಾಗಿಯೇ ಇದ್ದವು. ಧೂಳು ತಿನ್ನುತ್ತಿದ್ದ ನಕ್ಷೆಗಳನ್ನು ಹಗ್ಗದಿಂದ ಒಂದೊಂದಾಗಿ ಇಳಿಸಿ ನೋಡಿದೆ. ಮೂವತ್ತೇಳನೆಯದರಲ್ಲಿ ಬಿರುಕು ನೆಟ್ಟಗೆ ಅವಳ ಹಿತ್ತಲಿನ ಎದುರಿಗೇ ಇತ್ತು. ಅದನ್ನು ಹಿಡಿದುಕೊಂಡು ಓಡಿದರೆ, ಮಲಕಾಜಪ್ಪನವರು ನೀರಿನ ಪರೀಕ್ಷೆಯ ಪಟ್ಟಿಯನ್ನು ಮುಂದಕ್ಕೆ ತಳ್ಳಿದರು.

“ಇಪ್ಪತ್ತೂ ಬಾವೀದು ಸರಾಸರಿ ತಗದೇವ್ರಿ. ನೀವು ಬರದ್ ಕೊಟ್ಟಂಗ, ಮಿತಿಯೊಳಗ ಐತಿ.”

ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ. ಆ ಸರಾಸರಿಗೆ ಸಹಿ ಹಾಕಿಕೊಟ್ಟವನು ನಾನೇ ಎಂದು ಹೊಳೆದು, ನಕ್ಷೆಯನ್ನು ಸುತ್ತಿಕೊಂಡು ಹೊರಬಂದೆ.

ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿಕೊಂಡು ಖಾನಾವಳಿಗೆ ಹೋದೆ. ಅರ್ಧ ಪಂಕ್ತಿ ಖಾಲಿ. ನೀಲವ್ವ ಎಂದಿನಂತೆ ತಾಟು ಇಟ್ಟಳು, ಲೋಟಕ್ಕೆ ನೀರು ಬಗ್ಗಿಸಿದಳು. ನಾನು ಕೈ ಹಚ್ಚದ್ದನ್ನು ಕಂಡು, “ಎದುರು ಮನಿ ಬುಡನ್‌ಸಾಬರ ಬಾವೀದ್ರೀ ಇದು, ಹೆದರಬ್ಯಾಡ್ರಿ, ಕುಡೀರಿ,” ಎಂದಳು.

ನಾನು ಉಂಡು ಏಳುವ ಹೊತ್ತಿಗೆ ಅವಳು ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು, ಉರಿಬಿಸಿಲಿನಲ್ಲಿ ಮತ್ತೊಮ್ಮೆ ಬೀದಿ ದಾಟುತ್ತಿದ್ದಳು.